ಮೆನ್ನೊನೈಟ್ ಪಾಸ್ಟರ್ ಆಗಲು ಓದು ಬೇಡ್ವಾ?

ಪ್ರಶ್ನೆ: ಮೆನ್ನೊನೈಟರು ಎಂಬ ಕ್ರೈಸ್ತ ಪಂಗಡದವರು ಚೀಟಿ ಎತ್ತಿ ಪಾಸ್ಟರನ್ನು ಆರಿಸುತ್ತಾರಂತೆ. ಹಾಗಾದರೆ ದೈವಶಾಸ್ತ್ರ ಓದುವ ಅಗತ್ಯವೇ ಇಲ್ಲವಾ?

ಉತ್ತರ: ಇದೆ. ಇವತ್ತು ಬಹಳಷ್ಟು ಮೆನ್ನೊನೈಟ್ ಸಭೆಗಳು, ಅಂದರೆ ಚರ್ಚುಗಳು, ಸೆಮಿನರಿಯಲ್ಲೋ (ಪಾಸ್ಟರ್‌ಗಳನ್ನು ತಯಾರು ಮಾಡುವ ಶಾಲೆ) ಬೈಬಲ್ ಕಾಲೇಜಿನಲ್ಲೋ ಕಲಿತವರನ್ನೇ ಹುಡುಕುತ್ತವೆ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮೆನ್ನೊನೈಟರು ಮೊದಲಿಂದಲೂ ಓದಿನ ವಿರೋಧಿಗಳು ಎಂಬ ಮಾತು ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು.

ಮೊದಲಿಂದಲೂ ಅಂತೀರಲ್ಲ, ಮೊದಲಿಗರನ್ನೇ ನೋಡಿ. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಶಿಶುಗಳಿಗಲ್ಲ, ದೊಡ್ಡವರಿಗೆ ದೀಕ್ಷಾಸ್ನಾನ ಕೊಟ್ಟು ಈ ಚಳವಳಿ ಶುರು ಮಾಡಿದವರು ಕಾನ್ರಾಡ್ ಗ್ರೆಬೆಲ್. ಬಾಸೆಲ್, ವಿಯೆನ್ನಾ, ಪ್ಯಾರಿಸ್ ಮೂರೂ ಕಡೆ ಓದಿದವರು. ಜೊತೆಗಿದ್ದ ಫೆಲಿಕ್ಸ್ ಮಾಂಟ್ಸ್‌ ಅವರಿಗೆ ಇಬ್ರಿಯ ಭಾಷೆ ಗೊತ್ತಿತ್ತು. ಬಾಲ್ತಸಾರ್ ಹುಬ್ಮಾಯರ್ ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದರು. ಮಿಖಾಯೆಲ್ ಸಾಟ್ಲರ್ ಮಠ ಬಿಟ್ಟು ಬಂದ ಸನ್ಯಾಸಿ. ಪಂಗಡಕ್ಕೆ ತಮ್ಮ ಹೆಸರು ಕೊಟ್ಟ ಮೆನ್ನೊ ಸಿಮನ್ಸ್ 1536ರವರೆಗೆ ಕ್ಯಾಥೊಲಿಕ್ ಪಾದ್ರಿಯಾಗಿದ್ದರು. ಇವರಲ್ಲಿ ಓದು ಬಾರದವರು ಯಾರಿದ್ದಾರೆ ಹೇಳಿ?

ಹಾಗಾದರೆ ಚೀಟಿ ಯಾಕೆ? ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಡುವುದು ಆಗ ಅಪರಾಧವಾಗಿತ್ತು. ಅದಕ್ಕಾಗಿ ಮಾಂಟ್ಸ್‌ ಅವರನ್ನು 1527ರಲ್ಲಿ ಲಿಮ್ಮಾತ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಅದೇ ವರ್ಷ ಸಾಟ್ಲರ್‌ ಅವರನ್ನು, ಮರುವರ್ಷ ಹುಬ್ಮಾಯರ್‌ ಅವರನ್ನು ಸುಟ್ಟರು. ಗ್ರೆಬೆಲ್ 1526ರಲ್ಲೇ ಪ್ಲೇಗಿಗೆ ಬಲಿಯಾಗಿದ್ದರು. ಓದಿದ ತಲೆಮಾರು ಮೂರ್ನಾಲ್ಕು ವರ್ಷದಲ್ಲಿ ಖಾಲಿಯಾಯಿತು. ವಿಶ್ವವಿದ್ಯಾಲಯಗಳು ಅಧಿಕಾರಸ್ಥರ ಚರ್ಚುಗಳ ಕೈಯಲ್ಲಿದ್ದವು. ಈ ಚಳವಳಿಯವರಿಗೆ ಶಿಕ್ಷೆ ಆಗಲೇಬೇಕು ಎಂದು ವಾದಿಸಿದವರಲ್ಲೂ ದೊಡ್ಡ ದೊಡ್ಡ ಪಂಡಿತರಿದ್ದರು. ಪದವಿಯ ಮೇಲೆ ಅನುಮಾನ ಬಂದದ್ದು ಅಲ್ಲಿಂದ. ಆಮೇಲೆ ಸಭೆಗಳು ತಮ್ಮೊಳಗಿನ ರೈತನನ್ನೋ ನೇಕಾರನನ್ನೋ ಸಂಬಳವಿಲ್ಲದೆ ಸೇವೆಗೆ ಕರೆದವು.

ಚೀಟಿಯಲ್ಲೂ ಸುಮ್ನೆ ಅದೃಷ್ಟ ನೋಡುವುದಿಲ್ಲ. ಮೊದಲು ಸಭೆಯವರು ತಮಗೆ ತಕ್ಕವರೆಂದು ಕಂಡವರ ಹೆಸರು ಹೇಳುತ್ತಾರೆ. ಅಷ್ಟೇ ಸಂಖ್ಯೆಯ ಪುಸ್ತಕಗಳನ್ನು ಮೇಜಿನ ಮೇಲಿಡುತ್ತಾರೆ. ಒಂದರೊಳಗೆ ಚೀಟಿ ಇರುತ್ತದೆ. ಹೆಸರು ಬಂದವರು ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳುತ್ತಾರೆ. ಚೀಟಿ ಸಿಕ್ಕವರೇ ಪಾಸ್ಟರ್. ಬೈಬಲ್‌ನ ಅಪೊಸ್ತಲರ ಕೃತ್ಯಗಳಲ್ಲಿ ಯೂದನ ಜಾಗಕ್ಕೆ ಮತ್ತೀಯನನ್ನು ಚೀಟು ಹಾಕಿ ಆರಿಸಿದ್ದು ನೆನಪಿದೆ ಅಲ್ವಾ? ಅದೇ ಆಧಾರ. ಮೆನ್ನೊನೈಟರಿಗೆ ಹತ್ತಿರದ ಆಮಿಶ್ ಪಂಗಡದವರಲ್ಲಿ, ಕೆಲವು ಸಂಪ್ರದಾಯಸ್ಥ ಮೆನ್ನೊನೈಟರಲ್ಲಿ ಇದು ಈಗಲೂ ಇದೆ. ಯಾರನ್ನು ಕರೆಯಬೇಕು ಎಂಬುದನ್ನು ಚೀಟಿ ತೀರ್ಮಾನಿಸುತ್ತದೆ, ಅಷ್ಟೇ. ಆತ ಓದಬಾರದು ಅಂತ ಚೀಟಿಯಲ್ಲಿ ಬರೆದಿರುವುದಿಲ್ಲ.

ಡಚ್ ಮೆನ್ನೊನೈಟರಂತೂ 1735ರಲ್ಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೆಮಿನರಿ ತೆರೆದರು. ಅಮೆರಿಕದಲ್ಲಿ ಎಲ್ಖಾರ್ಟ್ ಮತ್ತು ಹ್ಯಾರಿಸನ್‌ಬರ್ಗ್‌ನ ಸೆಮಿನರಿಗಳಿವೆ. ಇಥಿಯೋಪಿಯದ ಮೆಸೆರೆಟೆ ಕ್ರಿಸ್ಟೋಸ್ ಸಭೆಗೂ ತನ್ನದೇ ಸೆಮಿನರಿ ಇದೆ. ನಮಗೆ ಹತ್ತಿರದ್ದು ಹೈದರಾಬಾದ್ ಪಕ್ಕದ ಶಂಷಾಬಾದಿನಲ್ಲಿ ಮೆನ್ನೊನೈಟ್ ಬ್ರದರನ್ ಎಂಬ ಶಾಖೆ ನಡೆಸುವ ಬೈಬಲ್ ಕಾಲೇಜು. ಬೈಬಲ್, ಪ್ರಸಂಗ, ಸಭೆಯ ಚರಿತ್ರೆ ಎಲ್ಲ ಸೆಮಿನರಿಗಳಲ್ಲೂ ಇರುವಂಥವೇ. ಎಲ್ಖಾರ್ಟ್‌ನಂಥ ಕಡೆ ಶಾಂತಿ ಮತ್ತು ಜಗಳ ಬಗೆಹರಿಸುವುದನ್ನೂ ಪಾಠವಾಗಿ ಕಲಿಸುತ್ತಾರೆ. ಯುದ್ಧಕ್ಕೆ ಹೋಗದ ಜನ, ಅದನ್ನು ಕಲಿಸದಿದ್ದರೆ ಹೇಗೆ?

ಇನ್ನೊಂದನ್ನು ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಹೆಣ್ಣುಮಕ್ಕಳು ಓದಿ ಪಾಸ್ಟರ್ ಆಗಬಹುದಾ? ಎಲ್ಲ ಪಂಗಡಗಳೂ ಒಪ್ಪುವುದಿಲ್ಲ. ಆದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಓದಿದ ಆನ್ನೆ ಝೆರ್ನಿಕೆ 1911ರಲ್ಲೇ ಒಂದು ಹಳ್ಳಿಯ ಮೆನ್ನೊನೈಟ್ ಸಭೆಗೆ ಪಾಸ್ಟರ್ ಆದರು. ಇಡೀ ನೆದರ್ಲೆಂಡ್ಸ್‌ಗೆ ಅವರೇ ಮೊದಲ ಮಹಿಳಾ ಪಾಸ್ಟರ್. 1953ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಫ್ರಿಟ್ಸ್ ಝೆರ್ನಿಕೆ ಅವರ ಒಡಹುಟ್ಟಿದವರು.