ಚಂಡೆಯ ಸದ್ದಿಗೂ ಒಂದು ಸಾಲು ಬರೆಯಿರಿ

ಮುಂಬಯಿಯ ಕನ್ನಡ ಸಂಘಗಳಿಂದ ನನ್ನ ಬಳಿ ಎಡಿಟಿಂಗಿಗೆ ಬರುವ ವಿಡಿಯೋಗಳಲ್ಲಿ ಯಕ್ಷಗಾನ, ನಾಟಕಗಳೇ ಜಾಸ್ತಿ. ‘ಕ್ಯಾಪ್ಷನ್ ತಾನಾಗೇ ಬರುತ್ತಲ್ವಾ ಸಾರ್?’ ಅಂತ ಕೇಳುತ್ತಾರೆ. ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಸಾಲುಗಳಿಗೇ ಕ್ಯಾಪ್ಷನ್ ಅನ್ನುವುದು. ಬಂದರೂ ಅದು ಬರೀ ಕರಡು. ನಮ್ಮ ಕನ್ನಡದ ನಡುವೆ ತುಳು ನುಸುಳುತ್ತೆ, ಮರಾಠಿ ನುಸುಳುತ್ತೆ, ಮೇಲಿಂದ ಚಂಡೆ ಬೇರೆ. ಯಂತ್ರ ಅಲ್ಲೇ ಎಡವುತ್ತದೆ. ಒಬ್ಬರು ಕೂತು ತಿದ್ದಲೇಬೇಕು.

ಮಾತು ಬರೆದರಷ್ಟೇ ಸಾಲದು. ಹಾಡುತ್ತಿರುವುದು ಭಾಗವತರೋ, ಅರ್ಥ ಹೇಳುತ್ತಿರುವುದು ಯಾವ ವೇಷವೋ, ಕಿವಿ ಕೇಳದವರಿಗೆ ಗೊತ್ತಾಗಬೇಕು. ರಾಕ್ಷಸ ಬರುವ ಮುಂಚೆ ಚಂಡೆ ಜೋರಾಗಿ, ಪರದೆಯ ಹಿಂದಿನಿಂದ ಅಬ್ಬರ ಕೇಳಿಸುತ್ತಲ್ಲ, ಅದನ್ನೂ ಬರೆಯಿರಿ: [ಚಂಡೆ ಜೋರಾಗುತ್ತದೆ].

ಅಕ್ಷರಗಳನ್ನು ಚಿತ್ರದ ಮೇಲೇ ಅಂಟಿಸಿಬಿಡುವವರಿದ್ದಾರೆ. ಲೋಕಲ್ ಟ್ರೈನಿನಲ್ಲಿ ಸದ್ದು ಆರಿಸಿ ನೋಡುವವರಿಗೆ ಅದು ಸಾಕು, ಆದರೆ ದೃಷ್ಟಿ ಮಂಜಾದವರಿಗೆ ಅಕ್ಷರ ದೊಡ್ಡದು ಮಾಡಿಕೊಳ್ಳೋಕೆ ಆಗಲ್ಲ. ಕ್ಯಾಪ್ಷನ್ನಿಗೆಂದೇ ಇರುವ ಎಸ್‌ಆರ್‌ಟಿ ಅಥವಾ ವೆಬ್‌ವಿಟಿಟಿ ಫೈಲ್ ಬೇರೆಯೇ ಮಾಡಿ. ನೋಟ್‌ಪ್ಯಾಡ್ ಸಾಕು: ಶುರು ಮತ್ತು ಕೊನೆಯ ಸಮಯ, ಕೆಳಗೆ ಮಾತು. ಸೆಕೆಂಡು ಆದಮೇಲೆ, ಮಿಲಿಸೆಕೆಂಡಿಗೆ ಮುಂಚೆ, ಎಸ್‌ಆರ್‌ಟಿಯಲ್ಲಿ ಅಲ್ಪವಿರಾಮ, ವೆಬ್‌ವಿಟಿಟಿಯಲ್ಲಿ ಚುಕ್ಕೆ. ಸೇವ್ ಮಾಡುವಾಗ ಯುಟಿಎಫ್-8 (ಕನ್ನಡ ಅಕ್ಷರ ಕೆಡದಂತೆ ಉಳಿಸುವ ವಿಧಾನ) ಆರಿಸಿ. ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡಿಗೆ ಬದಲಿಸದೆ ಹಾಕಿದರೆ ಪರದೆ ತುಂಬಾ ಕಸ.

ಕಣ್ಣು ಕಾಣದವರಿಗೆ ಬೇಕಾದದ್ದನ್ನು ಶೂಟಿಂಗಿಗೆ ಮುಂಚೆಯೇ ಯೋಚಿಸಿದರೆ ಖರ್ಚೇ ಇಲ್ಲ. ಅಡುಗೆ ವಿಡಿಯೋದಲ್ಲಿ ‘ನೋಡಿ, ಇಷ್ಟು ಹಾಕಿ’ ಅನ್ನುವ ಬದಲು ‘ಅರ್ಧ ಚಮಚ ಸಾಸಿವೆ ಹಾಕಿ’ ಅಂದರಾಯ್ತು. ಯಕ್ಷಗಾನದ ಆಟದ ನಡುವೆ ಬಾಯಿ ಹಾಕೋಕೆ ಜಾಗ ಸಿಗಲ್ಲ, ಹಾಗಾಗಿ ಯಾರ ಕಿರೀಟ ಹೇಗಿದೆ, ಮುಖದ ಬಣ್ಣ ಏನು, ರಂಗದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಶುರುವಿನಲ್ಲೇ ಒಂದೆರಡು ನಿಮಿಷ ಹೇಳಿ.

ಆರ್ಕೆಸ್ಟ್ರಾ ವಿಡಿಯೋಗಳಲ್ಲಿ ಮಿನುಗುವ ದೀಪಗಳ ಮೇಲೆ ಕಣ್ಣಿಡಿ. ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿನುಗಿದರೆ ಕೆಲವರಿಗೆ ಫಿಟ್ಸ್ ಬರಬಹುದು. ಅಂಥ ತುಣುಕನ್ನು ನಾನು ಕತ್ತರಿಸಿಯೇ ಬಿಡುತ್ತೇನೆ, ಯಾರು ಬೇಜಾರು ಮಾಡಿಕೊಂಡರೂ ಸರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಕ್ಯಾಪ್ಷನ್, ಧ್ವನಿ ವಿವರಣೆಯ (ಕಾಣುವುದನ್ನು ಮಾತಿನಲ್ಲಿ ಹೇಳುವುದು) ಜೊತೆಗೆ ಸಂಜ್ಞಾಭಾಷೆಯನ್ನೂ ಹೇಳುತ್ತದೆ. ಸಂಜ್ಞಾಭಾಷೆಯವರನ್ನು ಕರೆಸಿದರೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಕೊಡಬೇಡಿ. ಫೋನಿನಲ್ಲೂ ಅವರ ಬೆರಳು, ಮುಖಭಾವ ಎರಡೂ ಕಾಣಬೇಕು. ಪ್ರಾಯೋಜಕರ ಲೋಗೋ ಅವರ ಕೈ ಮೇಲೆ ಬಂದು ಕೂರುವುದಂತೂ ಬೇಡವೇ ಬೇಡ.