ಗೇಜ್ ಓದಿದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು?

ಸಿಂಧನೂರು ಕಡೆಯ ಹುಡುಗಿ. ಪಿಎಚ್‌.ಡಿ. ಮುಗಿಸಿ ಎರಡು ವರ್ಷ ಆಗಿದೆ. ಹೋದ ಬೇಸಿಗೆಯಲ್ಲಿ ಯುವ ವಿಜ್ಞಾನಿ ಪ್ರಶಸ್ತಿಯೊಂದರ ಅರ್ಜಿ ಹಿಡಿದು ರಾಯಚೂರಿನ ನಮ್ಮ ಮನೆಗೆ ಬಂದಿದ್ದಳು. ಪ್ರಕಟವಾದ ಪ್ರಬಂಧಗಳೆಷ್ಟು, ಅವನ್ನು ಬೇರೆಯವರು ಉಲ್ಲೇಖಿಸಿದ್ದು ಎಷ್ಟು ಸಲ, ಪೇಟೆಂಟ್ ಇದೆಯೇ, ವಿದೇಶದ ಸಮ್ಮೇಳನಕ್ಕೆ ಹೋಗಿದ್ದುಂಟೇ, ಎಲ್ಲಕ್ಕೂ ಒಂದೊಂದು ಕಾಲಮ್. ತುಂಬುವಷ್ಟು ತುಂಬಿ ಕೊನೆಗೆ ಕೇಳಿದಳು: "ಸರ್, ಎರಡು ಹಂಗಾಮು ನಾಲಿ ಮ್ಯಾಲೆ ನಿಂತು ನೀರು ಅಳದೀನಲ್ರಿ, ಅದನ್ನ ಎಲ್ಲಿ ಬರೀಬೇಕು?"

ಅರ್ಜಿಯನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಜಾಗವೇ ಇರಲಿಲ್ಲ.

ಮಣ್ಣು ಮತ್ತು ನೀರು ಎಂಜಿನಿಯರಿಂಗ್ ಪಾಠ ಮಾಡುತ್ತ ಮೂವತ್ತು ವರ್ಷ ಕಳೆದವನು ನಾನು. ಇಂಥ ಅರ್ಜಿಗಳನ್ನು ಮೇಜಿನ ಆ ಕಡೆ ಕೂತು ಓದಿದ್ದೂ ಉಂಟು. ಹೀಗಾಗಿ ಅವಳ ಪ್ರಶ್ನೆ ನನಗೂ ಚುಚ್ಚಿತು. ಅವಳು ಮಾಡಿದ್ದೇನು ಎಂಬುದನ್ನು ಮೊದಲು ಹೇಳುತ್ತೇನೆ.

ತುಂಗಭದ್ರಾ ಎಡದಂಡೆ ನಾಲೆಯ ರೈತರಿಗೆ ಗೇಜ್ ಎಂದರೆ ವಿವರಿಸಬೇಕಿಲ್ಲ. ನಾಲೆ ಶುರುವಾದಲ್ಲಿಂದ ಎಣಿಸುವ ಮೈಲ್ 69ರಲ್ಲಿ ಎಷ್ಟು ಗೇಜ್, ಮೈಲ್ 104ರಲ್ಲಿ ಎಷ್ಟು ಎಂಬುದರ ಮೇಲೆ ಇಲ್ಲಿ ಧರಣಿಗಳೇ ನಡೆಯುತ್ತವೆ. ಆದರೆ ಗೇಜ್ ಪಟ್ಟಿ ತೋರಿಸುವುದು ನೀರಿನ ಎತ್ತರವನ್ನು, ಹರಿಯುವ ಪ್ರಮಾಣವನ್ನಲ್ಲ. ಪ್ರಮಾಣ ತಿಳಿಯಬೇಕಾದರೆ ನೀರು ತುಂಬಿದ ಅಡ್ಡಕೊಯ್ತದ ವಿಸ್ತೀರ್ಣವನ್ನು ವೇಗದಿಂದ ಗುಣಿಸಬೇಕು. ಇಷ್ಟು ಅಡಿ ಗೇಜಿಗೆ ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ ನೀರು) ಎಂಬ ಟೇಬಲ್ ಸೆಕ್ಷನ್ ಆಫೀಸಿನಲ್ಲಿ ಇರುತ್ತದೆ, ನಿಜ. ಅದು ನಾಲೆ ಹೊಸತಾಗಿ, ಚೊಕ್ಕವಾಗಿದ್ದ ಕಾಲದ್ದು. ಈಗ ಮುಖ್ಯ ನಾಲೆಯಿಂದ ಕವಲೊಡೆಯುವ ವಿತರಣಾ ನಾಲೆಯಲ್ಲಿ ಜೊಂಡು ಬೆಳೆದಿದೆ, ತಳದಲ್ಲಿ ಹೂಳು ಕೂತಿದೆ. ವೇಗ ಕುಗ್ಗಿದ ನೀರು ಅಲ್ಲೇ ಏರಿ ನಿಲ್ಲುತ್ತದೆ. ಪಟ್ಟಿ ನೋಡಿದರೆ ಮೂರು ಅಡಿ, ಟೇಬಲ್ ನೋಡಿದರೆ ಸಾಕಷ್ಟು ಕ್ಯೂಸೆಕ್, ಕೊನೆ ಭಾಗದ ಗದ್ದೆ ನೋಡಿದರೆ ಬಿರುಕು. ಮೇಲಿನವರು ನೀರು ಬಿಟ್ಟಿದ್ದೇವೆ ಅನ್ನುತ್ತಾರೆ, ಕೆಳಗಿನವರು ಬಂದಿಲ್ಲ ಅನ್ನುತ್ತಾರೆ. ಎಷ್ಟೋ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. (ಅಕ್ರಮ ಪಂಪ್‌ಸೆಟ್ಟುಗಳ ಕಥೆ ಬೇರೆ. ಅದಕ್ಕೆ ಸಂಶೋಧನೆ ಬೇಡ, ಪೊಲೀಸರು ಸಾಕು.)

ಈ ಹುಡುಗಿ ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಹಿಡಿದು ಒಂದು ವಿತರಣಾ ನಾಲೆಯ ಟೇಬಲನ್ನು ಹೊಸದಾಗಿ ಬರೆದಳು. ನಾಲೆಯ ಅಗಲವನ್ನು ಪಟ್ಟಿಪಟ್ಟಿಯಾಗಿ ಭಾಗ ಮಾಡಬೇಕು. ಪ್ರತಿ ಪಟ್ಟಿಯಲ್ಲೂ ನೀರಿನ ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಮೀಟರ್ ಇಳಿಸಿದರೆ ಸರಾಸರಿ ವೇಗ ಹೆಚ್ಚುಕಡಿಮೆ ಸಿಗುತ್ತದೆ. ಆಳ ಜಾಸ್ತಿ ಇದ್ದಲ್ಲಿ ಹತ್ತರಲ್ಲಿ ಎರಡು ಪಾಲು ಮತ್ತು ಎಂಟು ಪಾಲು ಆಳದಲ್ಲಿ ಅಳೆದು ಸರಾಸರಿ ತೆಗೆಯಬೇಕು. ಗೇಜ್ ಬದಲಾದಾಗಲೆಲ್ಲ ಇದನ್ನೇ ಮತ್ತೆ ಮಾಡಬೇಕು. ಜೊಂಡು ಕೊಯ್ದ ಮೇಲೆ ಇನ್ನೊಮ್ಮೆ. ರಾತ್ರಿ ನೀರು ಏರಿದರೆ ರಾತ್ರಿಯೇ. ಅವಳಿಗೆ ಈ ದಾರಿ ಹೊಳೆದದ್ದು ಅಲ್ಲಿ ನಾಲೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಒಬ್ಬರ ಮಾತಿನಿಂದ. "ಗೇಜ್ ಮೂರು ಫೂಟ್ ಐತ್ ನೋಡವ್ವ, ನೀರು ಮಾತ್ರ ಮುಂದ ಹೋಗವಲ್ದು" ಎಂದಿದ್ದರಂತೆ. ಇಡೀ ಪ್ರಬಂಧದ ತಿರುಳು ಆ ಒಂದು ಸಾಲಿನಲ್ಲಿದೆ.

ಎರಡು ಹಂಗಾಮಿನ ದುಡಿಮೆಗೆ ಹುಟ್ಟಿದ ಪ್ರಬಂಧ ಒಂದೇ. ಅಷ್ಟು ದಿನದಲ್ಲಿ ಕಂಪ್ಯೂಟರ್ ಮುಂದೆ ಕೂತವರು ನಾಲ್ಕು ಬರೆದಿರುತ್ತಾರೆ. ಕಂಪ್ಯೂಟರ್ ಕೆಲಸ ಹಗುರ ಎಂದು ಹೇಳುತ್ತಿಲ್ಲ. ಗಾಂಧಿನಗರ ಐಐಟಿಯ ವಿಮಲ್ ಮಿಶ್ರಾ ಅವರಿಗೆ 2022ನೇ ಸಾಲಿನ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಜಲವಿಜ್ಞಾನಿಯೊಬ್ಬರಿಗೆ ಆ ಗೌರವ ಸಿಕ್ಕಿದ್ದು ನಮ್ಮಂಥವರಿಗೆ ಹಬ್ಬ. ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 1870ರಿಂದೀಚಿನ ಭಾರತದ ಬರಗಳನ್ನು ಮಣ್ಣಿನ ತೇವದ ಲೆಕ್ಕದಲ್ಲಿ ಮತ್ತೆ ಕಟ್ಟಿ ಕೊಟ್ಟಿತು. 1943ರ ಬಂಗಾಳದ ಕ್ಷಾಮಕ್ಕೆ ಮಣ್ಣು ಒಣಗಿದ್ದು ಕಾರಣವಲ್ಲ ಎಂದು ತೋರಿಸಿದ್ದು ಇದೇ ಅಧ್ಯಯನ. ಲೆಕ್ಕ ಮಾಡಿದ್ದು ಕಂಪ್ಯೂಟರ್. ಆದರೆ ನಮ್ಮ ಬಳ್ಳಾರಿ ತತ್ತರಿಸಿದ 1876–78ರ ಬರದ ಕಾಲದಲ್ಲಿ ಉಪಗ್ರಹ ಎಲ್ಲಿತ್ತು? ಆಗ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಟ್ಟವರು ಯಾರೋ. ಅವರ ಹೆಸರು ಎಲ್ಲೂ ಇಲ್ಲ, ಅಂಕಿ ಮಾತ್ರ ಇದೆ.

ನಮ್ಮ ವಿದ್ಯೆಯ ಚರಿತ್ರೆಯೇ ಹೀಗೆ. ಅಂತರ್ಜಲದ ಪಾಠ ಶುರುವಾಗುವ, ಮಣ್ಣು ಮರಳಿನೊಳಗೆ ನೀರು ಎಷ್ಟು ಹರಿಯುತ್ತದೆ ಎಂದು ಹೇಳುವ ಡಾರ್ಸಿ ನಿಯಮ ಯಾವುದೇ ವಿಜ್ಞಾನ ಪತ್ರಿಕೆಯಲ್ಲಿ ಬಂದದ್ದಲ್ಲ. 1856ರಲ್ಲಿ ಫ್ರಾನ್ಸಿನ ಒಂದು ಪಟ್ಟಣದ ನೀರು ಸರಬರಾಜಿನ ವರದಿಯ ಅನುಬಂಧದಲ್ಲಿ ಬಂದದ್ದು. ಹೂಳೂ ಕೂರದ, ತಳವೂ ಕೊರೆಯದ ನಾಲೆಗೆ ಎಷ್ಟು ವೇಗ ಬೇಕು ಎಂದು 1895ರಲ್ಲಿ ಸೂತ್ರ ಕೊಟ್ಟ ಕೆನೆಡಿ ಪಂಜಾಬಿನ ಅಪ್ಪರ್ ಬಾರಿ ದೋಆಬ್ ನಾಲೆಯ ಎಂಜಿನಿಯರ್. ನಾಲೆ ವಿನ್ಯಾಸಕ್ಕೆ ನಾವು ದಿನಾ ಬಳಸುವ ಮ್ಯಾನಿಂಗ್ ಸೂತ್ರದ ಮ್ಯಾನಿಂಗ್ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 1889ರಲ್ಲಿ ಆ ಸೂತ್ರ ಮಂಡಿಸಿದಾಗ ಅವರಿಗೆ 73 ವರ್ಷ. ಇಂದಿನ ಯುವ ವಿಜ್ಞಾನಿ ಅರ್ಜಿಯಲ್ಲಿ ಮೂವರೂ ಮೊದಲ ಪುಟಕ್ಕೇ ಹೊರಗೆ.

ವಯಸ್ಸಿನ ಮಾತು ಬಂತು. ಅಂತರರಾಷ್ಟ್ರೀಯ ಜಲವಿಜ್ಞಾನ ಸಂಘ 1982ರಲ್ಲಿ ಸ್ಥಾಪಿಸಿದ ಟಿಸಾನ್ ಪ್ರಶಸ್ತಿಗೆ 41ರೊಳಗಿರಬೇಕು, ಭಟ್ನಾಗರ್‌ಗೆ 45. ಯುರೋಪಿನ ಭೂವಿಜ್ಞಾನ ಒಕ್ಕೂಟ ಮಾತ್ರ ಹುಟ್ಟಿದ ತಾರೀಕು ಕೇಳುವುದಿಲ್ಲ. ಕೊನೆಯ ಪದವಿ ಪಡೆದು ಏಳು ವರ್ಷ ಮೀರಿರಬಾರದು ಎನ್ನುತ್ತದೆ, ಮಗು ಹೆತ್ತು ಬೆಳೆಸಿದ ಕಾಲಕ್ಕೆ ರಿಯಾಯಿತಿಯನ್ನೂ ಕೊಡುತ್ತದೆ. ನನಗೆ ಇದೇ ಸರಿ ಅನಿಸುತ್ತದೆ. ನಮ್ಮ ಕಡೆಯ ಮಕ್ಕಳು ನೆಟ್ಟಗೆ ಪಿಎಚ್‌.ಡಿ.ಗೆ ಬರುವುದು ಕಡಿಮೆ. ಇಲಾಖೆಯಲ್ಲೋ ಗುತ್ತಿಗೆದಾರರ ಬಳಿಯೋ ಐದಾರು ವರ್ಷ ದುಡಿದು, ತಂಗಿಯ ಮದುವೆ ಮುಗಿಸಿ, ಆಮೇಲೆ ಬರುತ್ತಾರೆ. ನಾಲೆ ಏನೆಂದು ಅವರಿಗೆ ಗೊತ್ತಿರುತ್ತದೆ. ಹುಟ್ಟಿದ ತಾರೀಕು ಲೆಕ್ಕ ಹಾಕುವಾಗ ಆ ಐದಾರು ವರ್ಷ ಅವರಿಗೆ ಮುಳುವಾಗುತ್ತದೆ.

ಇನ್ನೊಂದು ಕಾಟವನ್ನು ಬಿಡಿಸಿ ಹೇಳಲೇಬೇಕು. "ಅಭಿನಂದನೆಗಳು, ನೀವು ವರ್ಷದ ಯುವ ಜಲವಿಜ್ಞಾನಿಯಾಗಿ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಇಂತಿಷ್ಟು" ಎಂದು ಇಮೇಲ್ ಬರುತ್ತದೆ. ಹೋಟೆಲಿನ ಒಂದು ಹಾಲ್, ಶಾಲು, ಫಲಕ, ಫೋಟೊ, ಊಟ. ಒಂದೇ ಮಧ್ಯಾಹ್ನ ನಲವತ್ತು ಮಂದಿ ವರ್ಷದ ವಿಜ್ಞಾನಿಗಳಾಗುವ ಪವಾಡ. ನನ್ನ ವಿದ್ಯಾರ್ಥಿಯೊಬ್ಬ ಫೆಲೋಶಿಪ್ ಹಣ ಕಟ್ಟಿ ಅಂಥ ಫಲಕ ತಂದು ನನ್ನ ಮೇಜಿನ ಮೇಲಿಟ್ಟ. ಬೈಯಲಾರದೆ ಚಹಾ ಕುಡಿಸಿ ಕಳಿಸಿದೆ, ಅದು ನನ್ನದೇ ತಪ್ಪು. ಮುಂದೆ ಸಂದರ್ಶನವೊಂದರಲ್ಲಿ ಆ ಫಲಕದ ಹೆಸರು ಕೇಳುತ್ತಲೇ ಸಮಿತಿಯವರು ಮುಖ ಮುಖ ನೋಡಿಕೊಂಡರಂತೆ. ಅವನ ಒಳ್ಳೆಯ ಕೆಲಸಕ್ಕೂ ಅದರ ಮಸಿ ಹತ್ತಿತು. ಗೆದ್ದವರಿಂದಲೇ ಹಣ ಕೇಳುವುದು ಪ್ರಶಸ್ತಿಯಲ್ಲ, ವ್ಯಾಪಾರ. ತೀರ್ಪುಗಾರರು ಯಾರು, ಹಿಂದೆ ಯಾರಿಗೆ ಕೊಟ್ಟಿದ್ದಾರೆ, ಏನು ಕಂಡು ಕೊಟ್ಟಿದ್ದಾರೆ ಎಂಬುದು ಬಹಿರಂಗವಾಗಿ ಇದೆಯೇ ನೋಡಿ. ದೊಡ್ಡ ಪ್ರಶಸ್ತಿಗಳಲ್ಲಿ ಕೆಲವಕ್ಕೆ ನೀವೇ ಅರ್ಜಿ ಹಾಕುವಂತೆಯೂ ಇಲ್ಲ, ಬೇರೆಯವರು ನಿಮ್ಮ ಹೆಸರು ಸೂಚಿಸಬೇಕು. ಇಲ್ಲಿ ನಮ್ಮಂಥ ಮೇಷ್ಟ್ರುಗಳ ಸೋಮಾರಿತನವೂ ಇದೆ. ಹೆಸರು ಸೂಚಿಸುವ ಕಾಗದ ಬರೆಯಲು ಎರಡು ಸಂಜೆ ಬೇಕು. ನಾವು ಬರೆಯುವುದಿಲ್ಲ, ಆಮೇಲೆ ಈ ಭಾಗದವರಿಗೆ ಏನೂ ಸಿಗುವುದಿಲ್ಲ ಎಂದು ಕೊರಗುತ್ತೇವೆ.

ತಡೆದ ಅನಾಹುತಕ್ಕೆ ಸಾಕ್ಷಿ ಇರುವುದಿಲ್ಲ ಎಂಬುದು ನಮ್ಮ ಕ್ಷೇತ್ರದ ಇನ್ನೊಂದು ಫಜೀತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದೊಳಗೆ ತಡೆದದ್ದು ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದ ತಂಡ. ಅವರನ್ನು ನಾಡು ಹೊತ್ತು ಮೆರೆಸಿದ್ದು ಸರಿಯಾಗಿಯೇ ಇದೆ. ಆದರೆ ತುಕ್ಕು ಹಿಡಿಯುವ ಲೋಹದ ಆಯುಷ್ಯ ಲೆಕ್ಕ ಹಾಕುವ, ಜಲಾಶಯದ ಹೂಳು ಅಳೆಯುವ ಯುವಕರ ಹೆಸರು ಯಾರಿಗೆ ಗೊತ್ತು? ಸುಮಾರು 132 ಟಿಎಂಸಿ ಇದ್ದ ಜಲಾಶಯ 105 ಟಿಎಂಸಿಗೆ ಇಳಿದಿದೆ ಎಂದು ನಾವು ಭಾಷಣಗಳಲ್ಲಿ ಸಲೀಸಾಗಿ ಹೇಳುತ್ತೇವೆ. ಆ ಅಂಕಿಯ ಹಿಂದೆ ಹಿನ್ನೀರಿನಲ್ಲಿ ಅಲೆದವರ ಸರ್ವೇ ಇದೆ.

ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕೊಪ್ಪಳದ ಹಳ್ಳಿಯೊಂದರಲ್ಲಿ ಶುದ್ಧ ನೀರಿನ ಘಟಕದ ಹಿಂಬದಿಗೆ ಹೋಗಿ ನಿಂತ ಹುಡುಗನೊಬ್ಬ ನೆನಪಾಗುತ್ತಾನೆ. ಎಲ್ಲರೂ ಕೊಡ ತುಂಬುವ ನಲ್ಲಿಯ ನೀರು ಪರೀಕ್ಷಿಸಿದರೆ ಇವನು ಹೊರಬೀಳುವ ತಿರಸ್ಕೃತ ನೀರು ಪರೀಕ್ಷಿಸಿದ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರಿನಲ್ಲಿ ಅರ್ಧ ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ 6ರ ಹತ್ತಿರ ಇರಲೇಬೇಕು. ಕುಡಿಯುವ ನೀರಿನ ಮಿತಿ 1, ಬೇರೆ ಮೂಲವೇ ಇಲ್ಲದಿದ್ದರೆ 1.5. ಆ ತಿರಸ್ಕೃತ ನೀರು ಇಂಗುತ್ತಿದ್ದದ್ದು ಕೊಳವೆಬಾವಿಯ ಪಕ್ಕದಲ್ಲೇ. ಹೊಸ ಸಿದ್ಧಾಂತವೇನೂ ಇಲ್ಲ, ಪ್ರೌಢಶಾಲೆಯ ಗಣಿತ. ಆದರೆ ಹಿಂಬದಿಗೆ ಹೋಗಿ ನೋಡಬೇಕು ಎಂದು ಹೊಳೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಹುಡುಗಿಗೆ ನಾನು ಹೇಳಿದ್ದು ಇಷ್ಟು. ಹೊಸ ಟೇಬಲನ್ನೂ ಅದರ ಹಿಂದಿನ ಪ್ರತಿ ಅಳತೆಯನ್ನೂ ಯಾರು ಬೇಕಾದರೂ ಬಳಸುವಂತೆ ಸಾರ್ವಜನಿಕ ದತ್ತಾಂಶ ಭಂಡಾರಕ್ಕೆ ಹಾಕು, ಅದಕ್ಕೊಂದು ಶಾಶ್ವತ ಸಂಖ್ಯೆ ಸಿಗುತ್ತದೆ, ಆಗ ಅದನ್ನು ಪ್ರಕಟಣೆಯ ಕಾಲಮ್ಮಿನಲ್ಲೇ ಬರೆಯಬಹುದು. ಸಾಧನೆಯ ಸಾರಾಂಶದಲ್ಲಿ ಪ್ರಬಂಧದ ಎಣಿಕೆಯಿಂದ ಶುರು ಮಾಡಬೇಡ. ಯಾವ ನಾಲೆ, ಏನು ತಪ್ಪಿತ್ತು, ಎಷ್ಟು ದಿನ ಅಳೆದೆ, ನೀನು ಅಳೆದ ಮೇಲೆ ಯಾರು ಏನನ್ನು ಬದಲಿಸಿದರು, ಈ ಕ್ರಮದಲ್ಲಿ ಬರೆ. ಸೆಕ್ಷನ್ ಆಫೀಸಿನ ಎಂಜಿನಿಯರ್ ಹೊಸ ಟೇಬಲ್ ಬಳಸುತ್ತಿದ್ದರೆ ಅವರಿಂದ ಎರಡು ಸಾಲಿನ ಕಾಗದ ತಗೋ. ದೊಡ್ಡ ಪ್ರೊಫೆಸರರ ಹೊಗಳಿಕೆಗಿಂತ ಅದು ತೂಕದ್ದು. ಸಮಿತಿಯಲ್ಲಿ ಕೂತಾಗ ನಾನೇನೋ ಅದನ್ನೇ ಮೊದಲು ಓದುತ್ತೇನೆ. ಗ್ಯಾಂಗ್‌ಮನ್ ಹೆಸರು ಕೃತಜ್ಞತೆಯಲ್ಲಿ ಇದೆಯೇ ಎಂದು ಕೇಳಿದೆ. "ಅವರನ್ನ ಕೇಳೇ ಹಾಕೀನ್ರಿ ಸರ್, ಊರ ಹೆಸರೂ ಸೇರಿಸವ್ವ ಅಂದ್ರು" ಎಂದಳು.

ಅರ್ಜಿ ಹೋಗಿದೆ, ಫಲಿತಾಂಶ ಇನ್ನೂ ಬಂದಿಲ್ಲ. ನಾಲೆಗೆ ನೀರು ಬಿಟ್ಟ ಮೂರನೇ ದಿನ ಫೋನ್ ಮಾಡಿದರೆ ಏರಿಯ ಮೇಲೆ ಇದ್ದಳು. ಬೇಸಿಗೆಯಲ್ಲಿ ಆ ವಿತರಣಾ ನಾಲೆಯ ಹೂಳು ತೆಗೆಸಿದ್ದಾರಂತೆ. ಹೋದ ವರ್ಷದ ಟೇಬಲ್ ಈಗ ನಡೆಯುವುದಿಲ್ಲ, ಮತ್ತೆ ಮೊದಲಿನಿಂದ ಅಳೆಯಬೇಕು ಎಂದಳು.