ಬೀಟಾ ಎಚ್‌ಸಿಜಿ ಅಂದರೇನು?

ಮನೆಯಲ್ಲಿ ಕಿಟ್ ಹಾಕಿ ನೋಡಿದರೆ ಎರಡು ಗೆರೆ ಬಂದಿದೆ, ಸ್ಕ್ಯಾನಿಂಗ್‌ನಲ್ಲಿ ಮಾತ್ರ ಏನೂ ಕಾಣುತ್ತಿಲ್ಲ. ಆಗ ಡಾಕ್ಟರ್ 'ಇವತ್ತು ಬೀಟಾ ಮಾಡಿಸಿ, ಎರಡು ದಿನ ಬಿಟ್ಟು ಇನ್ನೊಂದು ಸಲ ಮಾಡಿಸಿ' ಎಂದು ಬರೆದುಕೊಡುತ್ತಾರೆ. ಒಂದೇ ಪರೀಕ್ಷೆಗೆ ಎರಡು ಸಲ ಯಾಕೆ ರಕ್ತ ಕೊಡಬೇಕು ಅನ್ನಿಸುತ್ತದೆ ಅಲ್ವಾ?

ಎಚ್‌ಸಿಜಿ ಬಸಿರಿನ ಹಾರ್ಮೋನು. ಭ್ರೂಣ ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗುವ ಜೀವಕೋಶಗಳು ಇದನ್ನು ತಯಾರಿಸುತ್ತವೆ. ಇದು ಇರುವುದರಿಂದಲೇ ಅಂಡಾಶಯ ಪ್ರೊಜೆಸ್ಟರಾನ್ ಎಂಬ ಬಸಿರು ಉಳಿಸುವ ಹಾರ್ಮೋನನ್ನು ಕೊಡುತ್ತಲೇ ಇರುತ್ತದೆ, ಮುಟ್ಟು ಬರುವುದಿಲ್ಲ. ಇದರಲ್ಲಿ ಆಲ್ಫಾ, ಬೀಟಾ ಎಂದು ಎರಡು ಭಾಗ. ಆಲ್ಫಾ ಭಾಗ ಟಿಎಸ್‌ಎಚ್, ಎಲ್‌ಎಚ್ ಎಂಬ ಬೇರೆ ಹಾರ್ಮೋನುಗಳಲ್ಲೂ ಹಾಗೇ ಇದೆ, ಬೀಟಾ ಮಾತ್ರ ಬೇರೆ. ಅದಕ್ಕೇ ಲ್ಯಾಬ್‌ನವರು ಬೀಟಾ ಗುರುತು ಹಿಡಿದು ಅಳೆಯುತ್ತಾರೆ.

ಒಂದೇ ಸಲದ ಅಂಕಿಯಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಐದನೇ ವಾರಕ್ಕೆ ಒಬ್ಬರಿಗೆ ಕೆಲವು ನೂರು ಇರುತ್ತದೆ, ಇನ್ನೊಬ್ಬರಿಗೆ ಕೆಲವು ಸಾವಿರ, ಎರಡೂ ಸರಿಯಾದ ಬಸಿರೇ ಆಗಿರಬಹುದು. ಹಾಗಾಗಿ ದಯವಿಟ್ಟು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಪಟ್ಟಿ ಹುಡುಕುತ್ತಾ ಸುಮ್ನೆ ಕಂಗಾಲಾಗಬೇಡಿ. ನೋಡಬೇಕಾದ್ದು ಏರುವ ವೇಗ. ಸೋಮವಾರ 800 ಇತ್ತು ಅನ್ನಿ. ಬುಧವಾರ 1600 ಆದರೆ ಸಮಾಧಾನ. 1250 ಬಂದರೂ ಗಾಬರಿ ಬೇಡ, ಯಾಕೆಂದರೆ ಮೊದಲ ಅಂಕಿ 1500ರ ಒಳಗಿದ್ದರೆ 48 ಗಂಟೆಯಲ್ಲಿ ಕಡಿಮೆ ಎಂದರೂ ಶೇ. 49ರಷ್ಟು ಏರಬೇಕು ಎನ್ನುವುದು ಈಗಿನ ಲೆಕ್ಕ. 950ಕ್ಕೇ ನಿಂತರೆ ಡಾಕ್ಟರ್ ಹುಡುಕಾಟ ಶುರುಮಾಡುತ್ತಾರೆ: ಬಸಿರು ನಿಲ್ಲುತ್ತಿಲ್ಲವೋ, ಅಥವಾ ಗರ್ಭಕೋಶದ ಹೊರಗೆ ಕೂತಿದೆಯೋ? ಎರಡೂ ಸಲ ಒಂದೇ ಲ್ಯಾಬ್‌ಗೆ ಹೋಗಿ, ಲ್ಯಾಬ್ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ.

ಹೊರಗೆ ಕೂತ ಬಸಿರೇ ಎಕ್ಟೋಪಿಕ್. ನೂರಕ್ಕೆ ಸುಮಾರು 2 ಬಸಿರು ಹೀಗಾಗುತ್ತವೆ, ಅದರಲ್ಲಿ ಶೇ. 90ಕ್ಕೂ ಹೆಚ್ಚು ಗರ್ಭನಾಳದಲ್ಲಿ, ಅಂದರೆ ಟ್ಯೂಬ್‌ನಲ್ಲಿ. ಅಲ್ಲಿ ಬೆಳೆಯಲು ಜಾಗವಿಲ್ಲ. ಸಾಮಾನ್ಯವಾಗಿ ಬೀಟಾ ನಿಧಾನ ಏರುತ್ತದೆ, ಇಲ್ಲವೇ ಅಲ್ಲೇ ನಿಲ್ಲುತ್ತದೆ. ಆದರೆ ಸುಮಾರು ಐದರಲ್ಲೊಂದು ಎಕ್ಟೋಪಿಕ್‌ನಲ್ಲಿ ಅದು ಸರಿಯಾದ ಬಸಿರಿನ ಹಾಗೇ ಏರಿಬಿಡುತ್ತದೆ! ಅದಕ್ಕೇ ಸ್ಕ್ಯಾನಿಂಗ್ ಬೇಕೇ ಬೇಕು. ಬೀಟಾ 3500 ದಾಟಿಯೂ ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ ಕಂಡರೆ ಅನುಮಾನ ಬಲವಾಗುತ್ತದೆ.

ಪ್ರೊಜೆಸ್ಟರಾನ್ ಕೂಡ ನೋಡುವುದುಂಟು. 5 ng/mLಗಿಂತ ಕಡಿಮೆ ಇದ್ದರೆ ಬಸಿರು ಉಳಿಯುವುದು ಬಹಳ ಕಷ್ಟ. ಅದು ಎಲ್ಲಿ ಕೂತಿದೆ ಎಂದು ಮಾತ್ರ ಇದು ಹೇಳುವುದಿಲ್ಲ.

ಒಂದೇ ಪಕ್ಕ ಕಿಬ್ಬೊಟ್ಟೆ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತು ಬಂದರೆ ಬುಧವಾರದ ರಿಪೋರ್ಟ್‌ಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಬೀಟಾ ಇಳಿಯುತ್ತಿದ್ದಾಗಲೂ ಟ್ಯೂಬ್ ಒಡೆಯಬಹುದು. ಎಕ್ಟೋಪಿಕ್ ಬೆಳೆಯದಂತೆ ತಡೆಯುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟ ಮೇಲೂ 4ನೇ ಮತ್ತು 7ನೇ ದಿನ ಅಳೆದು, ನಡುವೆ ಶೇ. 15ರಷ್ಟಾದರೂ ಇಳಿದಿದೆಯೇ ಎಂದು ನೋಡುತ್ತಾರೆ, ಆಮೇಲೆ ಬೀಟಾ ಪೂರ್ತಿ ಹೋಗುವವರೆಗೆ ವಾರವಾರವೂ ರಕ್ತ ಕೊಡಬೇಕು.